ಹತ್ತಿರ ಬಂದರೆ ಕೂಗುವ ಯಂತ್ರ

ಒಂದು ಕೆಲಸದಲ್ಲಿ ನುರಿತವರನ್ನು ಆ ಕೆಲಸದ ವಿಷಯದಲ್ಲಿ ಊರೆಲ್ಲ ನಂಬುತ್ತದೆ, ಮನೆಯವರು ಮಾತ್ರ ನಂಬುವುದಿಲ್ಲ. ನನಗೆ ಪರಿಚಯದ ಹಲ್ಲಿನ ಡಾಕ್ಟರೊಬ್ಬರ ಹೆಂಡತಿ ಹಲ್ಲುನೋವು ಬಂದರೆ ಲವಂಗ ಕಚ್ಚಿಕೊಂಡು ಕೂರುತ್ತಾರೆಯೇ ಹೊರತು ಗಂಡನೆದುರು ಬಾಯಿ ತೆರೆಯುವುದಿಲ್ಲ. ಬೈಯುವುದಕ್ಕೆ ತೆರೆಯುತ್ತಾರೆ, ಅದು ಬೇರೆ ಮಾತು. ನನ್ನ ಪಾಡೂ ಅದೇ. ನಾನು ಹೊಟ್ಟೆಪಾಡಿಗೆ ಶಬ್ದ ಅಳೆಯುವವಳು. ಆದರೆ ಟಿವಿ ಸದ್ದು ಸ್ವಲ್ಪ ಕಡಿಮೆ ಮಾಡಿ ಎಂದು ನಾನು ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ರಿಮೋಟ್ ಮುಟ್ಟುವುದಿಲ್ಲ. ಈ ಅಳಲನ್ನು ತೋಡಿಕೊಳ್ಳೋಣ ಎಂದೇ ಬರೆಯಲು ಕುಳಿತೆ. ಕುಳಿತ ಮೇಲೆ ನೆನಪಾಯಿತು: ಒಂದೇ ಒಂದು ಸಲ ಮನೆಮಂದಿಯೆಲ್ಲ ನನ್ನ ಮಾತನ್ನು ತಪ್ಪದೆ ಪಾಲಿಸಿದರು. ತೊಂದರೆಯಾಗಿದ್ದು ಆಗಲೇ.

ಶಬ್ದ ಅಳೆಯುವುದೆಂದರೆ ಏನು ಎಂದು ನನ್ನ ಅತ್ತೆಗೆ ವಿವರಿಸಿದಷ್ಟು ಸಲ ನಾನು ಯಾವ ಸಂದರ್ಶನದಲ್ಲೂ ವಿವರಿಸಿಲ್ಲ. ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಒಂದು ಪಕ್ಕಕ್ಕೆ ಸಮೋಸ ಕರಿಯುವ ಕಾರ್ಖಾನೆ, ಇನ್ನೊಂದು ಪಕ್ಕಕ್ಕೆ ಲಾರಿಗಳು ಹಿಂದಕ್ಕೆ ಬರುವಾಗಲೆಲ್ಲ ಬೀಪ್ ಬೀಪ್ ಎನ್ನುವ ಗೋದಾಮು, ನಡುವೆ ನಮ್ಮ ಪುಟ್ಟ ಕಂಪನಿ. ಶಬ್ದ ಅಳೆಯುವವರು ಇಂಥ ಜಾಗಕ್ಕೆ ಯಾಕೆ ಬಂದರು ಎಂದರೆ, ಬಾಡಿಗೆ ಕಡಿಮೆ. ನಾವು ತಯಾರಿಸುವ ಸಾಫ್ಟ್‌ವೇರ್ ಮೈಕಿನಿಂದ ಬಂದ ಸದ್ದನ್ನು ಪರದೆಯ ಮೇಲೆ ಗೆರೆಗಳಾಗಿ ಬರೆದು, ಇದು ಇಷ್ಟು ಜೋರು, ಇದರೊಳಗೆ ಇಷ್ಟು ಗುಂಯ್ ಸದ್ದು ಸೇರಿದೆ, ಇಲ್ಲೊಂದು ಬೇಡದ ಶಿಳ್ಳೆ ಇದೆ ಎಂದು ಹೇಳುತ್ತದೆ. ಸ್ಪೀಕರ್ ಮಾಡುವವರು, ಹೆಡ್‌ಫೋನ್ ಮಾಡುವವರು, ಕಿವಿ ಮಂದವಾದವರು ಹಾಕಿಕೊಳ್ಳುವ ಯಂತ್ರ ಮಾಡುವವರು ತಮ್ಮ ಸಾಮಾನು ಸರಿಯಿದೆಯೇ ಎಂದು ನೋಡಲು ಅದನ್ನು ಕೊಳ್ಳುತ್ತಾರೆ. ಆ ಸಾಫ್ಟ್‌ವೇರೇ ಸರಿಯಿದೆಯೇ ಎಂದು ನೋಡುವವಳು ನಾನು. ಅಂದರೆ ದಿನವಿಡೀ ಕೂತು ತಪ್ಪು ಹುಡುಕುವುದು ನನ್ನ ಕೆಲಸ. ಇಷ್ಟನ್ನೂ ಕೇಳಿಸಿಕೊಂಡು ಅತ್ತೆ ಹೇಳಿದ್ದು ಒಂದೇ ಮಾತು. "ಅಯ್ಯೋ, ತಪ್ಪು ಹುಡುಕೋಕೆ ಸಂಬಳ ಕೊಡ್ತಾರಾ? ನಮ್ಮತ್ತೆ ಇದನ್ನೇ ಜೀವಮಾನವೆಲ್ಲ ಪುಕ್ಕಟೆ ಮಾಡಿದ್ರು ಕಣೇ."

ಈ ಕೆಲಸಕ್ಕೆ ನಾನು ಬಂದ ದಾರಿಯನ್ನೂ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ ಎಂದು ನನ್ನ ಗಂಡ ರಾಘು ಅಣಕಿಸುತ್ತಾರೆ. ತಿಪಟೂರಿನಲ್ಲಿ ನಮ್ಮಪ್ಪನದು ರಾಗಿ ಬೀಸುವ ಗಿರಣಿ. ಊರಲ್ಲಿ ಅದಕ್ಕೆ ಮಿಷನ್ನು ಎಂದೇ ಹೆಸರು. ಮುಂದೆ ಮಿಷನ್ನು, ಹಿಂದೆ ಮನೆ. ಬೆಳಗ್ಗೆ ಬೆಲ್ಟು ತಿರುಗಲು ಶುರುವಾದರೆ ಗೋಡೆಗೆ ನೇತುಹಾಕಿದ ಕನ್ನಡಿ ಸಂಜೆಯವರೆಗೂ ನಡುಗುತ್ತಿತ್ತು. ನಮ್ಮ ಮನೆಯಲ್ಲಿ ಪಿಸುಮಾತು ಎನ್ನುವ ವಸ್ತುವೇ ಇರಲಿಲ್ಲ. ಸಾಧಾರಣ ಮಾತನ್ನು ಕೂಗಿ ಹೇಳುವುದು, ಮುಖ್ಯವಾದ ಮಾತಿದ್ದರೆ ಹತ್ತಿರ ಹೋಗಿ ಕಿವಿಗೆ ಕೈ ಅಡ್ಡ ಹಿಡಿದು ಕೂಗಿ ಹೇಳುವುದು. ನಮ್ಮ ವಂಶದಲ್ಲಿ ಡಿಗ್ರಿ ಎನ್ನುವುದನ್ನು ಕಂಡವಳು ನಾನೇ ಮೊದಲು. ರಾಗಿ ಮೂಟೆಯ ಮೇಲೆ ಕೂತು ಓದಿ, ಪುಸ್ತಕದ ಹಿಟ್ಟು ಕೊಡವಿ ಪರೀಕ್ಷೆ ಬರೆದವಳು. ಇಂಜಿನಿಯರಿಂಗ್ ಕೊನೆಯ ಫಲಿತಾಂಶ ಬಂದ ದಿನ ನಾನು ಓಡುತ್ತಾ ಬಂದಾಗ ಅಪ್ಪ ಮಿಷನ್ನಿನ ಮುಂದೆ ನಿಂತಿದ್ದರು. ಹಿಟ್ಟು ಮೆತ್ತಿದ ಗಡ್ಡವನ್ನು ನನ್ನ ಕೆನ್ನೆಗೆ ತಾಗಿಸಿ, ಕಿವಿಯೊಳಗೆ ಕೂಗಿದರು: "ಪಾಸಾದೇನವ್ವಾ?" ನಾನು ಅವರ ಕಿವಿಯೊಳಗೆ ಕೂಗಿದೆ: "ಫಸ್ಟ್ ಕ್ಲಾಸಪ್ಪಾ!" ಅಪ್ಪ ಸ್ವಿಚ್ ಆರಿಸಿದರು. ಯಾರದೋ ರಾಗಿ ಅರ್ಧ ಬೀಸಿ ನಿಂತಿತ್ತು. ಹಾಗೆ ನಡುವೆ ಮಿಷನ್ನು ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ಡಿಗ್ರಿಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಅಕ್ಸ್‌ಬ್ರಿಡ್ಜ್‌ನ ನಮ್ಮ ಮನೆಯಲ್ಲಿ ಮೆಟ್ಟಿಲ ಪಕ್ಕದ ಗೋಡೆಗೆ ಹಾಕಿದ್ದೇನೆ. ಸಾಲದ್ದಕ್ಕೆ ಬಾಯ್ಲರ್ ನೋಡಲು ಬಂದವನಿಗೂ ಅದು ಕಾಣಲಿ ಎಂದು ಮೇಲೊಂದು ದೀಪ ಬೇರೆ. ಮೈಸೂರಿನಿಂದ ನಮ್ಮ ಜೊತೆಗಿರಲು ಬಂದ ಹೊಸದರಲ್ಲಿ ಅತ್ತೆ ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಇದೇನಮ್ಮ ಮಂಜುಳಾ, ಬಾತ್‌ರೂಮಿಗೆ ಹೋಗೋವಾಗ್ಲೆಲ್ಲ ಕೈ ಮುಗೀಬೇಕಾ?" ಎಂದಿದ್ದರು. ಹಾಗೆಂದವರೇ ವಾರಕ್ಕೊಮ್ಮೆ ಸೆರಗಿನಲ್ಲಿ ಅದರ ಗಾಜು ಒರೆಸುವುದನ್ನು ನಾನು ನೋಡಿದ್ದೇನೆ. ನೋಡಿಲ್ಲದವಳಂತೆ ಇದ್ದೇನೆ.

ಅತ್ತೆಗೆ ಕಿವಿ ಮಂದವಾಗುತ್ತಾ ಬಂದದ್ದು ಮೊದಲು ಗೊತ್ತಾಗಿದ್ದು ನನಗೇ. ಗಿರಣಿ ಮನೆಯ ಹುಡುಗಿಗೆ ಅದೇನು ಕಷ್ಟವೆನಿಸಲಿಲ್ಲ. ಆಫೀಸಿನಿಂದ ಬಂದ ಕೂಡಲೇ ಸೋಫಾದ ಕೈ ಮೇಲೆ ಕೂತು, ಅವರ ಕಿವಿಗೆ ಕೈ ಅಡ್ಡ ಹಿಡಿದು, ದಿನದ ಸುದ್ದಿಯೆಲ್ಲ ಕೂಗಿ ಹೇಳುವುದು ರೂಢಿಯಾಯಿತು. ರಾಘು ಆಸ್ಪತ್ರೆಯ ಔಷಧ ವಿಭಾಗದ ಕೆಲಸ ಮುಗಿಸಿ ಬಂದು ಇನ್ನೊಂದು ಕಿವಿ ಹಿಡಿಯುತ್ತಿದ್ದರು. ಮಗಳು ಅದಿತಿ ಮಲಗುವ ಮುಂಚೆ ಅಜ್ಜಿಯ ಕತ್ತಿಗೆ ಜೋತುಬಿದ್ದು ಸ್ಕೂಲಿನ ಜಗಳಗಳನ್ನು ಇಂಗ್ಲಿಷಿನಲ್ಲಿ ಊದುತ್ತಿದ್ದಳು. ಅಜ್ಜಿ ಕನ್ನಡದಲ್ಲಿ ತೀರ್ಪು ಕೊಡುತ್ತಿದ್ದರು. ಆದರೆ ಹೀಥ್ರೋಗೆ ಇಳಿಯುವ ವಿಮಾನಗಳ ನಡುವೆ ಇಷ್ಟೆಲ್ಲ ಕೂಗಿ ಕೂಗಿ ನಮ್ಮ ಗಂಟಲು ಕಟ್ಟಿತು. ನಾನು ಅತ್ತೆಗಷ್ಟೇ ಹೇಳಿದ್ದ ಸುದ್ದಿ ಹಿಡಿದು, ಪಕ್ಕದ ಮನೆಯ ಕನ್ನಡದಾಕೆ ಬೇಲಿಯಾಚೆಯಿಂದ ಒಂದು ದಿನ, "ನಿಮ್ಮ ಆಫೀಸಿನ ಕೊಲಿನ್ ಗುಣವಾದರಾ?" ಎಂದು ಕೇಳಿದ ಮೇಲೆ ಬಡಾವಣೆಯ ಡಾಕ್ಟರಾದ ಜಿಪಿ ಹತ್ತಿರ ಹೋದೆವು. ಜಿಪಿ ಆಸ್ಪತ್ರೆಗೆ ಕಳಿಸಿದರು, ಆಸ್ಪತ್ರೆಯವರು ಪರೀಕ್ಷೆ ಮಾಡಿ ಕಿವಿಗೆ ಯಂತ್ರ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಅದು ಕಿವಿ ಮಿಷನ್ನಾಗಿತ್ತು.

ಮೊದಲ ದಿನಗಳು ಹಬ್ಬ. ಅತ್ತೆಗೆ ಗಡಿಯಾರ ಕೇಳಿಸಿತು, ಫ್ರಿಡ್ಜು ಕೇಳಿಸಿತು, ಸ್ವಂತ ಬಳೆ ಕೇಳಿಸಿತು. ಊಟಕ್ಕೆ ಕೂತಾಗ ರಾಘು ಹಪ್ಪಳ ಮುರಿದರು. ಅತ್ತೆ ಬೆಚ್ಚಿಬಿದ್ದು, "ಇಷ್ಟು ಸದ್ದು ಮಾಡ್ಕೊಂಡು ತಿಂತಾನಾ ಇವ್ನು? ಮಂಜುಳಾ, ಇಷ್ಟು ವರ್ಷ ಹೇಗಮ್ಮ ಸಹಿಸ್ಕೊಂಡೆ?" ಎಂದರು. ಮದುವೆಯಾದ ಮೇಲೆ ಅತ್ತೆ ನನ್ನ ಪಕ್ಷ ವಹಿಸಿದ ಮೊದಲ ಸಂದರ್ಭ ಅದು. ಇಂಥ ಯಂತ್ರವನ್ನು ಕಂಡುಹಿಡಿದವರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಒಂದೇ ದೂರು. ಮಿಷನ್ನು ಆಗಾಗ ಕುಯ್ಯೆಂದು ಕೂಗುತ್ತಿತ್ತು. "ಕಿವಿಯೊಳಗೆ ಯಾರೋ ಶಿಳ್ಳೆ ಹೊಡ್ದಂಗಾಗುತ್ತೆ, ಈ ವಯಸ್ಸಲ್ಲಿ ನಂಗ್ಯಾಕೆ ಶಿಳ್ಳೆ?" ಎಂದು ಅತ್ತೆ ಮುಖ ಸಿಂಡರಿಸುತ್ತಿದ್ದರು. ನೋಡಿ, ಆಗಲೇ ಆಫೀಸಿನಲ್ಲೂ ಶಿಳ್ಳೆಯದೇ ಗೋಳು. ನಮ್ಮ ಸಾಫ್ಟ್‌ವೇರಿಗೆ ಇಂಥ ಶಿಳ್ಳೆಯನ್ನು ತಾನಾಗಿ ಪತ್ತೆಹಚ್ಚಿ ಪರದೆಯ ಮೇಲೆ ಕೆಂಪು ದೀಪ ತೋರಿಸುವ ಹೊಸ ಗುಣ ಸೇರಿಸುತ್ತಿದ್ದೆವು. ಅದೋ, ಎಲ್ಲದಕ್ಕೂ ಕೆಂಪಾಗುತ್ತಿತ್ತು. ಹೊರಗೆ ಲಾರಿ ಬೀಪ್ ಎಂದರೆ ಕೆಂಪು, ಕೆಟಲ್ ಕುದಿದರೆ ಕೆಂಪು, ಯಾರಾದರೂ ಹಾಡು ಗುನುಗಿದರೆ ಕೆಂಪು. ನಮ್ಮ ತಂಡದ ಹಿರಿಯ ಕೊಲಿನ್ ಪರದೆಯನ್ನು ನೋಡಿ "ಸ್ವಲ್ಪ ವಿಚಿತ್ರವಾಗಿದೆ" ಎಂದರು. ಕೊಲಿನ್ ಹಾಗೆ ಹೇಳಿದರೆ ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಎಂದು ತಿಳಿಯಬೇಕು. ನಿಜವಾಗಿ ಕೂಗುವ ಯಂತ್ರವೊಂದು ಸಿಕ್ಕರೆ ಅದರ ಶಿಳ್ಳೆಯನ್ನೇ ಸಾಫ್ಟ್‌ವೇರಿಗೆ ಚೆನ್ನಾಗಿ ಪರಿಚಯ ಮಾಡಿಸಬಹುದಿತ್ತು ಎಂದು ಅವರು ಕೊರಗಿದರು. "ನಮ್ಮತ್ತೆಯ ಹತ್ತಿರ ಒಂದಿದೆ" ಎಂದೆ. ಅತ್ತೆಯನ್ನು ಹೀಗೆ ಕಂಪನಿಯ ಆಸ್ತಿಯಂತೆ ಮುಂದಿಟ್ಟ ಸೊಸೆ ನಾನೊಬ್ಬಳೇ ಇರಬೇಕು.

ಅಳತೆಯ ಮೈಕು, ಅದರ ಮೂರು ಕಾಲಿನ ಸ್ಟ್ಯಾಂಡು, ಲ್ಯಾಪ್‌ಟಾಪು ಎಲ್ಲ ನಮ್ಮ ಹಾಲಿಗೆ ಬಂದವು. ಮೈಕು ಬರುತ್ತದೆ ಎಂದು ತಿಳಿದು ಅತ್ತೆ ಮೈಸೂರು ಸಿಲ್ಕ್ ಉಟ್ಟು, ತಲೆ ಬಾಚಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಏನು ಹೇಳ್ಬೇಕು?"

"ಏನೂ ಹೇಳ್ಬೇಡಿ ಅತ್ತೆ. ಸುಮ್ನೆ ಕೂತ್ಕೊಳ್ಳಿ."

"ಸುಮ್ನೆ ಕೂರೋಕೆ ಮೈಕ್ ಯಾಕೆ?"

ಹತ್ತು ನಿಮಿಷ ಅವರು ಸುಮ್ಮನೆ ಕೂತರು. ಪರದೆ ಹಸಿರು. ಮಿಷನ್ನು ತುಟಿಪಿಟಕ್ ಎನ್ನಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದೊಡನೆ ನೋವು ಮಾಯವಾಗುವಂತೆ ಇದೂ ನನ್ನನ್ನು ಕಂಡು ಹೆದರಿತೇನೋ ಎಂದುಕೊಂಡು, ಅತ್ತೆಯ ಕಿವಿಯ ಮೇಲೆ ಬಿದ್ದಿದ್ದ ಕೂದಲು ಸರಿಸಲು ಬಗ್ಗಿದೆ. ಕುಯ್! ಪರದೆ ಕೆಂಪು. ಹಿಂದೆ ಸರಿದೆ, ಹಸಿರು. ಬಗ್ಗಿದೆ, ಕೆಂಪು. ನನಗೆ ಕುಣಿಯುವಷ್ಟು ಸಂತೋಷ. ವಿಷಯ ಸರಳ. ಮಿಷನ್ನಿನ ಸದ್ದು ಕಿವಿಯಿಂದ ಚೂರು ಹೊರಕ್ಕೆ ಸೋರುತ್ತದೆ. ಎದುರಿಗೆ ಕೈಯೋ ಕೆನ್ನೆಯೋ ಬಂದರೆ ಅದಕ್ಕೆ ಬಡಿದು ವಾಪಸು ಮಿಷನ್ನಿನ ಮೈಕಿಗೇ ಹೋಗುತ್ತದೆ, ಅಲ್ಲಿ ಮತ್ತೆ ಜೋರಾಗುತ್ತದೆ, ಮತ್ತೆ ಸೋರುತ್ತದೆ. ಹೀಗೆ ಸುತ್ತಿ ಸುತ್ತಿ ಶಿಳ್ಳೆಯಾಗುತ್ತದೆ. ಮದುವೆ ಮನೆಯಲ್ಲಿ ಮೈಕು ಹಿಡಿದವರು ಸ್ಪೀಕರಿನ ಮುಂದೆ ಹೋದರೆ ಕೀಂಯ್ ಎನ್ನುವುದಿಲ್ಲವೇ, ಅದೇ.

ಅಂದು ಊಟದ ಹೊತ್ತಿಗೆ ನಾನು ತೀರ್ಪು ಓದಿದೆ. "ಮಿಷನ್ನು ಸರಿಯಾಗೇ ಇದೆ. ಯಾರಾದ್ರೂ ಹತ್ತಿರ ಹೋದ್ರೆ ಮಾತ್ರ ಕೂಗುತ್ತೆ. ಆದ್ದರಿಂದ ಇನ್ಮೇಲೆ ಯಾರೂ ಅಜ್ಜಿ ಕಿವಿ ಹತ್ತಿರ ಹೋಗಕೂಡದು. ಒಂದು ಮಾರು ದೂರದಿಂದ ಮಾತಾಡಿಸಿ, ಚೆನ್ನಾಗಿ ಕೇಳುತ್ತೆ." ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಮೆಚ್ಚುಗೆ ಎಂದುಕೊಂಡೆ.

ಟಿವಿ ಸದ್ದು ಕಡಿಮೆ ಮಾಡದ ನಮ್ಮ ಮಂದಿ ಈ ಆಜ್ಞೆಯನ್ನು ಎಷ್ಟು ಶಿಸ್ತಾಗಿ ಪಾಲಿಸಿದರೆಂದರೆ ನನಗೇ ಆಶ್ಚರ್ಯವಾಯಿತು. ರಾಘು ಅಡುಗೆಮನೆಯಿಂದಲೇ "ಅಮ್ಮಾ, ಕಾಫೀನಾ?" ಎನ್ನುವರು. ಅದಿತಿ ಮೆಟ್ಟಿಲ ಮೇಲಿಂದಲೇ "ಗುಡ್‌ನೈಟ್ ಅಜ್ಜಿ" ಎಸೆದು ಮೇಲೆ ಹೋಗುವಳು. ನಾನು ಬ್ಯಾಗು ಇಳಿಸುತ್ತಾ, ಕೋಟು ತೆಗೆಯುತ್ತಾ, ನಡೆದಾಡುತ್ತಲೇ ದಿನದ ಸುದ್ದಿ ಹೇಳಿ ಮುಗಿಸುವೆ. ಮೊದಲ ಅರ್ಧ ಹಾಲಿನಲ್ಲಿ, ಉಳಿದರ್ಧ ಅಡುಗೆಮನೆಯಲ್ಲಿ. ಸಂಜೆ ಎಷ್ಟೊಂದು ಸಮಯ ಉಳಿಯಿತು! ಮನೆಯ ಒಂದು ದೋಷವನ್ನು ನಿವಾರಿಸಿದೆ ಎಂದು ಕೊಲಿನ್‌ಗೂ ಹೇಳಿದೆ. ಅವರು "ಅದ್ಭುತ" ಎಂದರು. ಬಾಗಿಲು ತೆರೆದು ಹಿಡಿದರೂ ಅವರು ಅದ್ಭುತ ಎನ್ನುತ್ತಾರೆ, ಆದರೂ ನಾನು ಅದನ್ನು ಪದಕದಂತೆ ಧರಿಸಿಕೊಂಡು ಓಡಾಡಿದೆ.

ಅತ್ತೆ ಮೆತ್ತಗಾದದ್ದನ್ನು ನಾನು ಗಮನಿಸಲಿಲ್ಲ ಎಂದಲ್ಲ. ಚಳಿ ಎಂದುಕೊಂಡೆ. ನಾವು ಮಾತಾಡಿದಾಗಲೆಲ್ಲ ಅವರು ಹೂಂ ಎನ್ನುತ್ತಿದ್ದರು, ನಗುತ್ತಿದ್ದರು. ಅಜ್ಜಿಯ ತೀರ್ಪುಗಳು ಮಾತ್ರ ನಿಂತುಹೋಗಿದ್ದವು.

ಗೊತ್ತಾಗಿದ್ದು ಟೂಟಿಂಗ್‌ನಲ್ಲಿ. ಅಲ್ಲಿನ ಹೋಟೆಲೊಂದರ ಮಸಾಲೆ ದೋಸೆ ತಿನ್ನಲು ನಾವು ಆಗಾಗ ಇಡೀ ಲಂಡನ್ ದಾಟಿ ಹೋಗುವುದುಂಟು. ಅದಿತಿ ಅಂದು ಒಂದು ಸುದ್ದಿಯನ್ನು ಬಾಯಲ್ಲಿ ಕಡಲೆಯಂತೆ ಇಟ್ಟುಕೊಂಡು ಬಂದಿದ್ದಳು. ದೋಸೆ ಬಂದ ಮೇಲೆ, ಮೇಜಿನ ಆಚೆ ಬದಿಯಿಂದ, ಅಮ್ಮನ ಕಾನೂನಿನಂತೆ ದೂರ ಕೂತೇ, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಸ್ಕೂಲ್ ಕಾನ್ಸರ್ಟಲ್ಲಿ ನಾನು ಸೋಲೋ ಹಾಡ್ತೀನಿ. ನೀನು ಬರ್ತೀಯಾ?" ಆ ಕನ್ನಡದ ಸಾಲನ್ನು ಮಗು ಎಲ್ಲೋ ಅಭ್ಯಾಸ ಮಾಡಿಕೊಂಡಿತ್ತು, ಅದು ಕೇಳಿದರೇ ಗೊತ್ತಾಗುತ್ತಿತ್ತು. ಅತ್ತೆ ಅವಳನ್ನು ನೋಡಿ ಮುದ್ದಾಗಿ ನಕ್ಕು, "ಹೂಂ ಪುಟ್ಟಾ, ಚೆನ್ನಾಗಿದೆ. ಸಾಂಬಾರಿಗೆ ಸ್ವಲ್ಪ ಉಪ್ಪು ಕಮ್ಮಿ" ಎಂದರು.

ಅದಿತಿ ತಲೆ ತಗ್ಗಿಸಿ ದೋಸೆಯ ಅಂಚು ಮುರಿಯುತ್ತಾ ಕೂತಳು. ನನಗಷ್ಟೇ ಕೇಳುವಂತೆ, "ಷಿ ಡಸಂಟ್ ಕೇರ್ ಎನಿಮೋರ್" ಎಂದಳು. ನಾನು ಎದ್ದು ಹೋಗಿ ಅತ್ತೆಯ ಕಿವಿಯ ಮೇಲಿನ ಕೂದಲು ಸರಿಸಿದೆ. ಕುಯ್ ಎನ್ನಲಿಲ್ಲ. ಕಿವಿ ಖಾಲಿ.

ಮನೆಗೆ ಬಂದ ಮೇಲೆ ಹುಡುಕಿದೆ. ಮಿಷನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ, ಎರಡು ಏಲಕ್ಕಿಯ ಜೊತೆ ಮಲಗಿತ್ತು. ಅಂದರೆ ಇಷ್ಟು ದಿನ ನಾವು ಮೆಟ್ಟಿಲಿನಿಂದ, ಅಡುಗೆಮನೆಯಿಂದ, ಬಾಗಿಲಿನಿಂದ ಎಸೆದ ಮಾತುಗಳೆಲ್ಲ ಗಾಳಿಗೆ ಹೋಗಿದ್ದವು. ನಾವು ಮಿಷನ್ನಿದೆ ಎಂದು ಹತ್ತಿರ ಹೋಗಲಿಲ್ಲ, ಮಿಷನ್ನು ಡಬ್ಬಿಯಲ್ಲಿತ್ತು. ಇಡೀ ಮನೆಯಲ್ಲಿ ಒಬ್ಬರಿಗೆ ಮಾತ್ರ ನಮ್ಮ ಮನೆ ಮೂಕವಾಗಿಬಿಟ್ಟಿತ್ತು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಅತ್ತೆ ಸೋಫಾದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ಹಳೆಯ ಅಭ್ಯಾಸದಂತೆ ಸೋಫಾದ ಕೈ ಮೇಲೆ ಕೂತು, ಕಿವಿಗೆ ಕೈ ಅಡ್ಡ ಹಿಡಿದು ಕೂಗಿದೆ. "ಯಾಕತ್ತೆ ಹಾಕ್ಕೊಳ್ಳಲ್ಲ ನೀವು? ಮಿಷನ್ನು ಸರಿಯಾಗೇ ಇದೆ ಅಂತ ಅಳತೆ ಮಾಡಿ ತೋರಿಸ್ಲಿಲ್ವಾ?"

"ನಿನ್ನಳತೆ ತಪ್ಪು ಅಂತ ನಾನೆಲ್ಲಿ ಅಂದೆ?"

"ಮತ್ತೆ?"

ಅತ್ತೆ ಒಂದು ಕಾಳು ಹಿತುಕಿ ಬಟ್ಟಲಿಗೆ ಹಾಕಿದರು. "ನೀನೇ ಹೇಳಿದ್ಯಲ್ಲಮ್ಮ, ಮಿಷನ್ನಿದ್ರೆ ಯಾರೂ ಹತ್ತಿರ ಬರಕೂಡದು ಅಂತ. ಆ ಮಗು ಪಾಪ, ಮೆಟ್ಲು ಮೇಲೆ ನಿಂತ್ಕೊಂಡು ಕೈ ಬೀಸಿ ಹೋಗುತ್ತೆ. ಅದಕ್ಕೇ ತೆಗೆದಿಟ್ಟೆ. ತೆಗೆದ್ರೆ ನೀವೆಲ್ಲ ಮೊದ್ಲಿನ ಹಾಗೆ ಬರ್ತೀರಿ ಅಂದ್ಕೊಂಡಿದ್ದೆ." ಇನ್ನೊಂದು ಕಾಳು ಹಿತುಕಿದರು. "ಬರೋಕೆ ನೀನು ಇಷ್ಟು ದಿನ ತಗೊಂಡೆ."

ಹಿಟ್ಟು ಮೆತ್ತಿದ ಗಡ್ಡವೊಂದು ಕೆನ್ನೆಗೆ ತಾಗಿದ ಹಾಗಾಯಿತು. ಅಷ್ಟು ಗದ್ದಲದ ಮನೆಯಲ್ಲಿ ಬೆಳೆದು, ಮುಖ್ಯವಾದ ಮಾತನ್ನು ಎಲ್ಲಿ ನಿಂತು ಹೇಳಬೇಕು ಎನ್ನುವುದೊಂದನ್ನೇ ನಾನು ಮರೆತು, ಒಂದು ಮಾರು ದೂರ ಎಂದು ಅಳತೆ ಕೊಟ್ಟಿದ್ದೆ. ಡಬ್ಬಿ ತೆರೆದು, ಏಲಕ್ಕಿ ಬದಿಗಿಟ್ಟು, ಮಿಷನ್ನನ್ನು ಅವರ ಕಿವಿಗೆ ನಾನೇ ಹಾಕಿದೆ. ಕೈ ತಾಗಿ ಕುಯ್ಯೆಂದಿತು.

"ಕೂಗ್ತಿದೆ ನೋಡು" ಎಂದರು ಅತ್ತೆ.

"ಕೂಗ್ಲಿ ಬಿಡಿ ಅತ್ತೆ."

ಅತ್ತೆ ಕಾಳಿನ ಬಟ್ಟಲು ಪಕ್ಕಕ್ಕಿಟ್ಟು, "ಹೌದಲ್ಲ, ಕುಕ್ಕರ್ ಕೂಗಲ್ವಾ" ಎಂದರು. ಆಮೇಲೆ ತಾವೇ ಮೆಟ್ಟಿಲ ಕಡೆ ತಿರುಗಿ, ನಮ್ಮ ಗಿರಣಿಗೆ ಸಲ್ಲುವ ದನಿಯಲ್ಲಿ ಕರೆದರು: "ಅದಿತೀ, ಇಳಿದು ಬಾರೇ! ಹತ್ತಿರ ಬಾ. ಇನ್ನೂ ಹತ್ತಿರ. ಹೋಟ್ಲಲ್ಲಿ ಏನೋ ಕೇಳಿದ್ಯಲ್ಲ, ಈಗ ಕೇಳು." ಅದಿತಿ ಮೊದಲು ಮುಖ ಊದಿಸಿಕೊಂಡೇ ಬಂದಳು. ಕತ್ತಿಗೆ ಜೋತುಬಿದ್ದದ್ದೇ ತಡ, ಕುಯ್! "ಅಮ್ಮಾ, ಅಜ್ಜಿ ಈಸ್ ಬೀಪಿಂಗ್!" ಎಂದು ಕಿಲಕಿಲ ನಕ್ಕು, ಕೆನ್ನೆ ತಾಗಿಸಿ ಒಮ್ಮೆ, ತೆಗೆದು ಒಮ್ಮೆ, ಅಜ್ಜಿಯನ್ನು ಪೀಪಿಯಂತೆ ಬಾರಿಸಿದಳು. ಶಿಳ್ಳೆಗಳ ನಡುವೆ ಕಾನ್ಸರ್ಟಿನ ವಿಷಯ ಪೂರ್ತಿ ಹೇಳಿಯಾಯಿತು. ಯಾವ ಸೀರೆ ಉಡಬೇಕು ಎನ್ನುವ ಚರ್ಚೆ ಆ ವಾರವೆಲ್ಲ ನಡೆಯಿತು.

ಆಫೀಸಿನಲ್ಲಿ ನಾನು ಕೊಲಿನ್‌ಗೆ ಹೇಳಿದೆ, ಶಿಳ್ಳೆ ಎಂದ ಕೂಡಲೇ ಕೆಂಪು ದೀಪ ಹಾಕುವುದು ತಪ್ಪು. ಬಿಡದೆ ಕೂಗುವುದು ಯಂತ್ರದ ದೋಷ. ಏನಾದರೂ ಹತ್ತಿರ ಬಂದಾಗ ಕೂಗಿ, ಅದು ಸರಿದೊಡನೆ ನಿಲ್ಲುವುದು ಬೇರೆ. ಅದನ್ನು ಬೇರೆಯಾಗಿಯೇ ಗುರುತಿಸಬೇಕು, ಹಳದಿ ದೀಪ ಸಾಕು. ಕೊಲಿನ್ ಗಲ್ಲ ತುರಿಸಿಕೊಂಡು ಒಪ್ಪಿದರು. ಹಳದಿಯ ಪಕ್ಕ ಏನೆಂದು ಬರೆಯೋಣ ಎಂದು ಕೇಳಿದರು. "ಯಾರೋ ಹತ್ತಿರ ಬಂದಿದ್ದಾರೆ ಎಂದು ಬರೆಯೋಣ" ಎಂದೆ. ಉದ್ದವಾಯಿತು, ದೀಪದ ಪಕ್ಕ ಹಿಡಿಸುವುದಿಲ್ಲ ಎಂದು ಅವರು ಒಂದೇ ಪದದ ಏನನ್ನೋ ಹಾಕಿದರು. ಅದು ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಲೆಕ್ಕಾಚಾರ ಸರಿಯಾಗಿ ಕೂತಿತು. ಲಾರಿ, ಕೆಟಲ್‌ಗಳ ಕಾಟವೂ ತಗ್ಗಿತು.

ಹೊಸ ಆವೃತ್ತಿಯನ್ನು ಕೊನೆಯ ಬಾರಿ ಪರೀಕ್ಷಿಸಲು ಮೈಕು ಮತ್ತೆ ನಮ್ಮ ಹಾಲಿಗೆ ಬಂತು. ಅತ್ತೆ ಮತ್ತೆ ಮೈಸೂರು ಸಿಲ್ಕ್ ಉಟ್ಟು ಕೂತರು. ನಾನು ಲ್ಯಾಪ್‌ಟಾಪನ್ನು ಕಣ್ಣಿಗೆ ಕಾಣುವಂತೆ ಇಟ್ಟು, ಸೋಫಾದ ಕೈ ಮೇಲೆ ಕೂತು ಬಗ್ಗಿದೆ. ಕುಯ್. ಪರದೆಯ ಮೇಲೆ ಹಳದಿ, ಚೆಂದದ ಹಳದಿ. ಎದೆ ಉಬ್ಬಿತು. ಈ ಸಂತೋಷವನ್ನು ಅತ್ತೆಗೇ ಮೊದಲು ಹೇಳಬೇಕೆಂದು, ಕಿವಿಗೆ ಕೈ ಅಡ್ಡ ಹಿಡಿದು ಹೇಳಿದೆ: "ಪಾಸಾಯ್ತು ಅತ್ತೆ!"

ಅತ್ತೆ ಸೋಫಾದಿಂದ ಅರ್ಧ ಎದ್ದೇಬಿಟ್ಟರು. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ಥೂ ಮಾರಾಯ್ತಿ, ಮೆಲ್ಲಗೆ ಹೇಳೇ! ಮಿಷನ್ನು ಹಾಕ್ಕೊಂಡಿದೀನಿ, ಕಿವುಡಿ ಅಂದ್ಕೊಂಡ್ಯಾ?" ಎಂದರು. ನಾನು ಗಾಬರಿಯಾಗಿ ಒಂದು ಮಾರು ಹಿಂದೆ ಸರಿದೆ. "ಎಲ್ಲಿಗೆ ಹೋಗ್ತೀಯ, ಬಾ ಇಲ್ಲಿ. ಹತ್ತಿರ ಬಾ ಅಂದೆ, ಕೂಗು ಅಂದ್ನಾ?"

ಪರದೆ ನೋಡಿದೆ. ಅತ್ತೆಯ ಕೈ ಇಳಿದು, ಶಿಳ್ಳೆ ನಿಂತು ಹಳದಿ ಆರಿತ್ತು. ಅದರ ಪಕ್ಕ ಕೆಂಪು ದೀಪವೊಂದು ಹೊತ್ತಿಕೊಂಡಿತ್ತು: ಅಳತೆ ಮೀರಿದ ಸದ್ದು. ನಮ್ಮ ಸಾಫ್ಟ್‌ವೇರಿನಲ್ಲಿ ಆ ಗುಣ ಮೊದಲಿನಿಂದಲೂ ಸರಿಯಾಗಿ ಕೆಲಸ ಮಾಡುತ್ತದೆ, ನಾನೇ ಪರೀಕ್ಷಿಸಿ ಪ್ರಮಾಣೀಕರಿಸಿದ್ದೇನೆ. ಇಲ್ಲಿ ಮಿಷನ್ನಿನದು ಏನೂ ತಪ್ಪಿರಲಿಲ್ಲ. ಸರಿಪಡಿಸಬೇಕಾದ ಯಂತ್ರ ಸೋಫಾದ ಕೈ ಮೇಲೆ ಮತ್ತೆ ಬಂದು ಕೂತು, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಲು ಪ್ರಯತ್ನಿಸುತ್ತಿತ್ತು.